ವೇಟಿಂಗ್ ಲಿಸ್ಟಿನ ಸೋದರಮಾವ

ಸಾಂಬಾರ್ ಬೇಡ, ಬರೀ ಇಡ್ಲಿ ಸಾಕು ಎಂದಾಗ ಮಾಟುಂಗದ ಆ ಉಡುಪಿ ಹೋಟೆಲಿನ ಮಾಣಿ ಗುರುಬಸವನ ಮುಖವನ್ನೊಮ್ಮೆ, ಅವನ ಕಾಲ ಬಳಿಯ ಬ್ಯಾಗನ್ನೊಮ್ಮೆ ನೋಡಿ, ಒಳಗೆ ಹೋಗಿ ಎರಡು ಒಣ ಇಡ್ಲಿಯನ್ನೂ ಯಾರೂ ಕೇಳದಿದ್ದ ದೊಡ್ಡದೊಂದು ಲೋಟ ನೀರನ್ನೂ ತಂದಿಟ್ಟ. ಗುರುಬಸವ ಲೋಟವನ್ನು ಬೆರಳ ತುದಿಯಿಂದ ಮೇಜಿನ ಆಚೆಯ ಅಂಚಿಗೆ ತಳ್ಳಿದ. ಬೆಳಿಗ್ಗೆ ಆರಕ್ಕೆ ಭಾಂಡುಪ್ಪಿನ ಮನೆಯಲ್ಲಿ ಅರ್ಧ ಕಪ್ ಚಹಾ ಕುಡಿದವನು ಮಧ್ಯಾಹ್ನ ಮೂರೂವರೆಯಾದರೂ ಒಂದು ಹನಿ ಗಂಟಲಿಗೆ ಇಳಿಸಿರಲಿಲ್ಲ. ಇಲ್ಲಿಗೆ ಬಂದದ್ದು ಇಡ್ಲಿಗಲ್ಲ. ಕೈತೊಳೆಯುವ ಬೇಸಿನ್ನಿನ ಪಕ್ಕ ಒಂದು ಬಾಗಿಲಿತ್ತು, ಅದಕ್ಕಾಗಿ ಬಂದಿದ್ದ. ಒಮ್ಮೆ ಹೋಗಿ ಬಂದಾಗಿತ್ತು. ಬಸ್ಸು ಬರುವ ಮೊದಲು ಇನ್ನೊಮ್ಮೆ ಹೋಗಲೇಬೇಕು. ಎರಡು ಸಲ ಹೋಗುವುದಕ್ಕೆ ಒಂದು ಪ್ಲೇಟ್ ಇಡ್ಲಿ ಸಾಕೋ, ಮರ್ಯಾದೆಗೆ ಒಂದು ವಡೆಯನ್ನೂ ತರಿಸಬೇಕೋ ಎಂಬುದು ಅವನ ಆ ಹೊತ್ತಿನ ಧರ್ಮಸಂಕಟ. ಗಲ್ಲಾದಲ್ಲಿ ಕೂತ ಯಜಮಾನರು ಪೇಪರಿನ ಮೇಲಿಂದ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅವರು ನೋಡುತ್ತಿದ್ದದ್ದು ಬೀದಿಯನ್ನು.

ಬಸ್ಸು ಎರಡೂವರೆಗೆ ಬರಬೇಕಿತ್ತು. ಏಜೆಂಟನಿಗೆ ಫೋನು ಮಾಡಿದರೆ, ಗೋರೆಗಾಂವ್ ಬಿಟ್ಟಿದೆ, ಹತ್ತು ನಿಮಿಷ, ಎಂದು ಹೇಳಿ ಒಂದು ಗಂಟೆಯಾಗಿತ್ತು. ಆ ಹತ್ತು ನಿಮಿಷದ ದನಿ ಗುರುಬಸವನಿಗೆ ಚೆನ್ನಾಗಿ ಪರಿಚಯ, ಯಾಕೆಂದರೆ ಅದು ಅವನದೇ ದನಿ. ಗೋರೆಗಾಂವಿನ ಲಿಫ್ಟ್ ಕಂಪನಿಯೊಂದರ ಸರ್ವಿಸ್ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸ ಅದೇ. ಯಾವುದೋ ಹದಿನಾಲ್ಕನೇ ಮಹಡಿಯಲ್ಲಿ ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಫೋನಿನಲ್ಲಿ ಅಳುತ್ತಿದ್ದರೆ, ಮೆಕ್ಯಾನಿಕ್ ಹೊರಟಿದ್ದಾನೆ, ಹತ್ತು ನಿಮಿಷ, ಎನ್ನುವುದು. ಮೆಕ್ಯಾನಿಕ್ ಆಗ ಎದುರು ಟೇಬಲಿನಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿರುತ್ತಿದ್ದ. ಸುಳ್ಳು ಹೇಳಿದರೆ ಜನ ಸಮಾಧಾನಗೊಳ್ಳುತ್ತಾರೆ ಎಂಬುದು ಅವನು ದುಡಿದು ಗಳಿಸಿದ ಜ್ಞಾನ. ಮನೆಗೆ ಬಂದಮೇಲೂ ಆ ಜ್ಞಾನ ಉಪಯೋಗಕ್ಕೆ ಬರುತ್ತಿತ್ತು. ತಂಗಿ ಶಿವಕುಮಾರಿಗೆ ಅವನು ನಾಲ್ಕು ವರ್ಷದಿಂದ ಅದನ್ನೇ ಹೇಳುತ್ತ ಬಂದಿದ್ದ: ಟಿಕೆಟ್ ಮಾಡಿಸಿದ್ದೇನೆ, ವೇಟಿಂಗ್ ಲಿಸ್ಟಿನಲ್ಲಿದೆ, ಇವತ್ತು ನಾಳೆ ಕನ್ಫರ್ಮ್ ಆಗುತ್ತದೆ.

ಶಿವಕುಮಾರಿಗೆ ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಹುಟ್ಟಿದ ಮಗ ಸಂತು. ಮಗುವಿನ ಜವಳ ಆಗಬೇಕು, ಅಂದರೆ ಹುಟ್ಟುಗೂದಲು ತೆಗೆಯಬೇಕು. ಅದಕ್ಕೆ ಸೋದರಮಾವ ಬೇಕು. ಮಗು ಮಾವನ ತೊಡೆಯ ಮೇಲೆ ಕೂತು, ಮಾವ ಮೊದಲ ಕುಚ್ಚು ಕತ್ತರಿಸಿ, ಆಮೇಲೆ ಕ್ಷೌರಿಕ ಕೈ ಹಾಕಬೇಕು. ಅಲ್ಲಿಯವರೆಗೆ ಕತ್ತರಿ ತಾಗುವ ಹಾಗಿಲ್ಲ. ಒಂದನೇ ವರ್ಷಕ್ಕೆ ಆಗಲಿಲ್ಲ, ರೈಲು ಸಿಗಲಿಲ್ಲ. ಸಮ ವರ್ಷದಲ್ಲಿ ಮಾಡುವುದಿಲ್ಲ. ಮೂರನೇ ವರ್ಷಕ್ಕೂ ರೈಲು ಸಿಗಲಿಲ್ಲ. ಈಗ ಐದನೆಯದು ನಡೆಯುತ್ತಿದೆ, ಜೂನಿನಲ್ಲಿ ಹುಡುಗನನ್ನು ಎಲ್‌ಕೆಜಿಗೆ ಹಾಕಬೇಕು. ವಾಟ್ಸಾಪಿಗೆ ಫೋಟೋಗಳು ಬರುತ್ತಿದ್ದವು: ಎರಡು ಜಡೆ ಹಾಕಿಸಿಕೊಂಡ ಸಂತು, ನಡುನೆತ್ತಿಗೆ ಜುಟ್ಟು ಕಟ್ಟಿಸಿಕೊಂಡು ಮೂಗು ಸುರಿಸುವ ಸಂತು, ರಿಬ್ಬನ್ನು ಹಾಕಿಕೊಂಡು ಟ್ರ್ಯಾಕ್ಟರ್ ಮೇಲೆ ಕೂತ ಸಂತು. ಓಣಿಯವರೆಲ್ಲ ಹುಡುಗಿ ಅಂತಲೇ ಕರೆಯುತ್ತಾರೆ ಎಂದು ಶಿವಕುಮಾರಿ ಫೋನಿನಲ್ಲಿ ನಗುತ್ತಿದ್ದಳು. "ನೀ ಬರೂತನಕ ಕತ್ತರಿ ಹಚ್ಚೂದಿಲ್ಲ ಅಣ್ಣಾ," ಎನ್ನುತ್ತಿದ್ದಳು. ತನ್ನ ಕಾರಣಕ್ಕೆ ವಿಜಯಪುರದಲ್ಲಿ ಒಂದು ಮಗುವಿನ ತಲೆಯಲ್ಲಿ ದಿನವೂ ಇಷ್ಟಿಷ್ಟು ಕೂದಲು ಬೆಳೆಯುತ್ತಿದೆ ಎಂಬುದು ನೆನಪಾದಾಗಲೆಲ್ಲ ಗುರುಬಸವ ತನ್ನ ತಲೆಯನ್ನೇ ಸವರಿಕೊಳ್ಳುತ್ತಿದ್ದ. ಆ ಮಗುವನ್ನು ಅವನು ಇನ್ನೂ ಎತ್ತಿಕೊಂಡೇ ಇರಲಿಲ್ಲ.

ಬಸ್ಸಿಗೇನು ಬರ ಇರಲಿಲ್ಲ. ಮುಂಬಯಿಯಿಂದ ವಿಜಯಪುರಕ್ಕೆ ದಿನಕ್ಕೆ ಹತ್ತಾರು ಬಸ್ಸು. ಹೆಂಡತಿ ವಂದನಾ ಬಸ್ಸಿನ ಪಕ್ಷ. ರೈಲೆಂದರೆ ಸೊಲ್ಲಾಪುರದಲ್ಲಿ ನಿಂತರೆ ನಿಂತೇಬಿಟ್ಟಿತು, ಬರುವ ದಿನ ಬರುವುದಿಲ್ಲ, ಬಂದ ದಿನ ಹೋಗುವುದಿಲ್ಲ ಎಂಬುದು ಅವಳ ವಾದ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ರೈಲು ಎಷ್ಟೇ ತಡವಾಗಲಿ, ಎಷ್ಟೇ ನಾರಲಿ, ಬೋಗಿಯ ಎರಡೂ ತುದಿಗೆ ಎರಡೆರಡು ಪಾಯಖಾನೆಯ ಬಾಗಿಲಿರುತ್ತವಲ್ಲ, ಅದೊಂದಕ್ಕೆ ಗುರುಬಸವ ರೈಲ್ವೆಯ ನೂರು ತಪ್ಪನ್ನು ಮನ್ನಿಸಲು ಸಿದ್ಧನಿದ್ದ. ಐದು ವರ್ಷದ ಹಿಂದೆ ಶಿವಕುಮಾರಿ ಬಸುರಿಯಿದ್ದಾಗ ಅವಳ ಕುಬಸಕ್ಕೆ ಹಸಿರು ಸೀರೆ ಒಯ್ದು ಕೊಟ್ಟು, ಹೋಳಿಗೆ ಉಂಡು, ಮೇಲೆ ಎರಡು ತಂಬಿಗೆ ಮಜ್ಜಿಗೆ ಕುಡಿದು ಬಸ್ಸಿನಲ್ಲಿ ವಾಪಸು ಬರುವಾಗ ಅದಾಯಿತು. ಸಕ್ಕರೆ ಕಾಯಿಲೆ ಮೈಯೊಳಗೆ ಬಂದು ಕೂತದ್ದು ಆಗ ಅವನಿಗೆ ಗೊತ್ತಿರಲಿಲ್ಲ. ಬಸ್ಸು ನಿಲ್ಲಿಸಿ ಎಂದು ಎದ್ದು ಹೇಳಲು ನಾಚಿಕೆಯಾಗಿ, ಪರದೆ ಎಳೆದುಕೊಂಡು, ಮೊಣಕಾಲೂರಿ, ನೀರಿನ ಬಾಟಲಿ ಹಿಡಿದಿದ್ದ. ಡ್ರೈವರ್ ಯಾವುದೋ ಎಮ್ಮೆಗೆ ಬ್ರೇಕು ಹಾಕಿದ. ಕೆಳಗಿನ ಬರ್ತಿನ ಹೆಂಗಸು ಮೊದಲು ಎಸಿ ಸೋರುತ್ತಿದೆ ಅಂದುಕೊಂಡಳು. ಆಮೇಲೆ ಹಾಗೆ ಅಂದುಕೊಳ್ಳಲಿಲ್ಲ. ಮುಂದಿನ ಢಾಬಾದಲ್ಲಿ ಬಸ್ಸು ನಿಲ್ಲಿಸಿ, ಒಂದು ಬಕೆಟ್ಟು ಒಂದು ಅರಿವೆ ಕೈಗೆ ಕೊಟ್ಟು, ನೀವೇ ಒರೆಸಬೇಕು ಎಂದರು. ಒರೆಸಿದ. ಮೂವತ್ತು ಜನ ಚಹಾ ಕುಡಿಯುತ್ತ ನೋಡಿದರು. ಯಾರೂ ಬೈಯಲಿಲ್ಲ. ಒಬ್ಬ ಮುದುಕ ಮಾತ್ರ, ಮೂಲೆಯಲ್ಲಿ ಇನ್ನೂ ಐತಿ ನೋಡ್ರಿ, ಎಂದು ಸಹಾಯ ಮಾಡಿದ. ಅಂದಿನಿಂದ ಗುರುಬಸವ ಬಸ್ಸು ಹತ್ತಿರಲಿಲ್ಲ. ಯಾಕೆಂದು ವಂದನಾಗೂ ಹೇಳಿರಲಿಲ್ಲ. ಶುಗರ್ ಇರುವುದು ಅವಳಿಗೆ ಗೊತ್ತು, ಬಕೆಟ್ಟು ಗೊತ್ತಿಲ್ಲ.

ಈ ಸಲ ಅವನು ನಿಜಕ್ಕೂ ಹೋಗಬೇಕೆಂದಿದ್ದ. ಹಿಂದೆಲ್ಲ ನೂರೆಂಬತ್ತನೆಯ ವೇಟಿಂಗ್ ಇರುವ ದಿನವನ್ನೇ ಹುಡುಕಿ ಟಿಕೆಟ್ ಮಾಡಿ, ಅದರ ಫೋಟೋ ತಂಗಿಗೆ ಕಳಿಸಿ ಕೃತಾರ್ಥನಾಗುತ್ತಿದ್ದವನು ಈ ಸಲ ಎರಡು ತಿಂಗಳ ಮೊದಲೇ ಕೂತು ಆರನೆಯ ವೇಟಿಂಗ್ ಹಿಡಿದಿದ್ದ. ಆರು ಜನ ಮನಸ್ಸು ಬದಲಾಯಿಸಿದರೆ ಸಾಕು. ಇಷ್ಟು ದೊಡ್ಡ ದೇಶದಲ್ಲಿ ಐದು ಜನ ಬದಲಾಯಿಸಿದರು. ಇಂದು ಬೆಳಿಗ್ಗೆ ಚಾರ್ಟ್ ಬಂದಾಗ ಅವನು ಒಂದನೆಯ ವೇಟಿಂಗಿನಲ್ಲಿ ನಿಂತಿದ್ದ. ಎದೆಯಲ್ಲಿ ದುಃಖವಾಯಿತು, ಅದರ ಕೆಳಗೆ ಎಲ್ಲೋ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ಮೂರೂ ಮುಗಿಯುವಷ್ಟರಲ್ಲಿ ಮಗಳು ಶ್ರೇಯಾ ಮೊಬೈಲಿನಿಂದ ತಲೆಯೆತ್ತಿ, "ಪಪ್ಪಾ, ಟೆನ್ಶನ್ ಮತ್ ಲೋ, ನಾನು ಬಸ್ ಬುಕ್ ಮಾಡಿದೆ. ಲಾಸ್ಟ್ ಬರ್ತ್ ಥಾ," ಎಂದಳು. ವಂದನಾ ಆಗಲೇ ಬ್ಯಾಗಿಗೆ ಟವೆಲ್ಲು ತುರುಕುತ್ತಿದ್ದಳು. "ಎರಡು ತಾಸಿಗೊಮ್ಮೆ ನಿಂದರಸಂತ ಡ್ರೈವರ್‌ಗೆ ಹೇಳ್ರಿ. ಬಾಯಿ ಇಲ್ಲೇನು ನಿಮಗ?" ಎಂದಳು. ಬಾಯಿ ಇತ್ತು. ಅದು ಬೇರೆ ಕೆಲಸಕ್ಕೆ ಪಳಗಿತ್ತು.

ಬಸ್ಸು ನಾಲ್ಕಕ್ಕೆ ಬಂತು, ಮೈತುಂಬ ನವಿಲಿನ ಚಿತ್ರ ಬರೆಸಿಕೊಂಡು. ಕೊನೆಯ ಬರ್ತು, ಮೇಲಿನದು, ಇಬ್ಬರದು, ಕೆಳಗೆ ಹಿಂದಿನ ಗಾಲಿ. ಏಣಿ ಹತ್ತಿ ತಲೆ ಹಾಕಿದರೆ ಒಳಗೆ ಆಗಲೇ ಒಬ್ಬ ಹಿರಿಯ ಅಂಗಿ ಕಳಚಿ, ಬನಿಯನ್ನಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದ. "ಬರ್ರಿ ಸರ, ಕಿಟಕಿ ಕಡೆ ನೀವ ಆಗ್ರಿ, ನನಗ ಗಾಳಿ ಆಗೂದಿಲ್ಲ," ಎಂದು ಉದಾರವಾಗಿ ಕಾಲು ಮಡಚಿದ. ಹೀಗೆ ಗುರುಬಸವ ಒಳಗಿನ ಮೂಲೆಗೆ ಬಿದ್ದ. ಇಳಿಯಬೇಕಾದರೆ ಈ ಮನುಷ್ಯನನ್ನು ದಾಟಬೇಕು. ರೆಕ್ಸಿನ್ನಿನ ದಿಂಬಿನ ಮೇಲೆ ಹಿಂದಿನವರೆಲ್ಲರ ತಲೆಯೆಣ್ಣೆ ಕಪ್ಪಾಗಿ ಕೂತಿತ್ತು, ಎಸಿಯ ಬಾಯಿಗೆ ಯಾರೋ ಪೇಪರು ತುರುಕಿದ್ದರು, ಕೂತರೆ ತಲೆ ತಾಗುತ್ತಿತ್ತು, ಮಲಗಿದರೆ ಕಾಲು ತಾಗುತ್ತಿತ್ತು. ಹಿರಿಯನ ಹೆಸರು ಅಣವೀರಪ್ಪ, ಊರು ಸಿಂದಗಿ ಕಡೆ, ಕೆಲಸ ಟೈಲ್ಸ್ ಕೂಡಿಸುವುದು.

"ಬಾತ್ರೂಮ್ ಅಷ್ಟ ರೀ ನಂದು," ಎಂದ ಅಣವೀರಪ್ಪ, ಎರಡು ಲೀಟರಿನ ಬಾಟಲಿ ಎತ್ತಿ ಗಟಗಟ ಕುಡಿದು. "ಹಾಲ್, ಬೆಡ್ರೂಮು ಯಾರರ ಮಾಡ್ತಾರ. ಬಾತ್ರೂಮಿಗೆ ಕೈ ಬೇಕು. ಒಂದೊಂದು ಫ್ಲ್ಯಾಟಿಗೆ ನಾಕ ನಾಕ ಬಾತ್ರೂಮ್ ರೀ ಸರ ಈಗ. ಇರಾವ್ರು ಇಬ್ಬರು, ಬಾತ್ರೂಮ್ ನಾಕು."

"ಹೌದಾ," ಎಂದ ಗುರುಬಸವ, ಕಾಲ ಮೇಲೆ ಕಾಲು ಹಾಕಿ.

"ಇಳಿಜಾರು ಮುಖ್ಯ. ನೀರು ಹೊಯ್ದು ನೋಡಬೇಕು. ಹಿಂಗ ಹೊಯ್ದ್ರ ಹಿಂಗ ಸುಳುಸುಳು ಅಂತ ಹರದು ಹೋಗಬೇಕು. ಎಲ್ಲಿನೂ ನಿಂದ್ರಬಾರದು."

ಬಸ್ಸು ಚೆಂಬೂರಿನಲ್ಲಿ ಅರ್ಧ ಗಂಟೆ ಯಾರನ್ನೋ ಕಾದಿತು, ವಾಶಿಯ ಸೇತುವೆಯ ಮೇಲೆ ಸುಮ್ಮನೆ ನಿಂತಿತು. ಕೆಳಗೆ ನೋಡಿದಷ್ಟು ದೂರ ಸಮುದ್ರದ ಖಾಡಿಯ ನೀರು. ಗುರುಬಸವ ಕಿಟಕಿಯ ಪರದೆ ಎಳೆದ. ಮುಂಬಯಿಯ ನೆಲದಲ್ಲಿ ಅವನು ರಾಜ: ಭಾಂಡುಪ್ಪಿನಿಂದ ದಾದರಿನವರೆಗೆ ಯಾವ ಸ್ಟೇಶನ್ನಿನ ಯಾವ ಪ್ಲಾಟ್‌ಫಾರ್ಮಿನ ಯಾವ ತುದಿಗೆ ಏನಿದೆ, ಯಾವ ಬ್ಯಾಂಕಿನ ಸೆಕ್ಯುರಿಟಿ ಒಳಗೆ ಬಿಡುತ್ತಾನೆ, ಯಾವ ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಬಂದವನ ಹಾಗೆ ಗಂಭೀರವಾಗಿ ನಡೆದುಹೋಗಬಹುದು, ಎಲ್ಲ ಬಾಯಿಪಾಠ. ಈ ಸೇತುವೆ ದಾಟಿದರೆ ಮುಗಿಯಿತು, ಊಟಕ್ಕೆ ನಿಲ್ಲುವವರೆಗೆ ಅವನು ಅನಾಥ. ನೀವು ನಡುವೆ ಇಳಿಯುವುದಿಲ್ಲವೇ ಎಂದು ಅಣವೀರಪ್ಪನನ್ನು ಆಸೆಯಿಂದ ಕೇಳಿದ. "ನಾನಾ? ಒಮ್ಮೆ ಏರಿದ್ರ ವಿಜಾಪುರನ ಸರ," ಎಂದ ಅಣವೀರಪ್ಪ ಮತ್ತೆ ಬಾಟಲಿ ಎತ್ತಿದ. ಒಂದು ಹನಿ ಕುಡಿಯದ ತನ್ನ ಹೊಟ್ಟೆ ಒಡೆಯುವಂತಿರುವಾಗ ಕೊಡಗಟ್ಟಲೆ ಕುಡಿಯುವ ಇವನಿಗೆ ಏನೂ ಆಗದಿರುವುದು ಯಾವ ನ್ಯಾಯ ಎಂದು ಗುರುಬಸವನಿಗೆ ದೇವರ ಮೇಲೆ ಸಿಟ್ಟು ಬಂತು. ಆಗಲೇ ತಂಗಿಯ ಫೋನು.

"ಅಣ್ಣಾ, ಎಲ್ಲಿ ಅದಿ? ಗಾಡಿ ಸಿಕ್ತಾ?"

"ಸಿಕ್ತವ್ವ. ಕಲ್ಯಾಣದಾಗ ನಿಂದರಸ್ಯಾರ. ಸಿಗ್ನಲ್ ಇಲ್ಲ," ಎಂದ. ನಾಲಿಗೆ ತಾನಾಗಿ ಹೇಳಿತ್ತು. ಬಸ್ಸಿನಲ್ಲಿ ಕೂತು, ನಾಳೆ ಬೆಳಿಗ್ಗೆ ಅವಳ ಊರಿನ ಬಸ್ ಸ್ಟ್ಯಾಂಡಿನಲ್ಲೇ ಇಳಿಯುವವನು, ಯಾವ ಲಾಭಕ್ಕೆ ರೈಲಿನಲ್ಲಿದ್ದೇನೆ ಎಂದನೋ ಅವನಿಗೇ ತಿಳಿಯಲಿಲ್ಲ. ಅಣವೀರಪ್ಪ ಶೇಂಗಾ ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದ, ಆಮೇಲೆ ಪರದೆಯನ್ನು ಸರಿಸಿ ಹೊರಗೆ ನೋಡಿದ, ಕಲ್ಯಾಣವೇನಾದರೂ ಕಾಣುತ್ತದೋ ಎನ್ನುವಂತೆ.

ಖಾರಘರ ದಾಟುವಷ್ಟರಲ್ಲಿ ಗುರುಬಸವನಿಗೆ ತಂಗಿ, ಜವಳ, ಹೆಂಡತಿ, ಸಂಬಳ ಎಲ್ಲ ಮರೆತುಹೋಗಿ, ಜಗತ್ತು ಹೊಕ್ಕುಳ ಕೆಳಗಿನ ಒಂದು ಗೇಣಿನಲ್ಲಿ ಬಂದು ನಿಂತಿತ್ತು. ಒಂದು ರಸ್ತೆಗುಂಡಿ ಬಂತು, ಗಾಲಿ ಅದನ್ನು ನೇರ ಅವನಿಗೆ ಮುಟ್ಟಿಸಿತು. ಅಣವೀರಪ್ಪನನ್ನು ದಾಟಿ, ಅವನ ಶೇಂಗಾ ಚೆಲ್ಲಿ, ಏಣಿಯಿಳಿದು, ಎರಡೂ ಕಡೆಯ ಪರದೆಗಳ ನಡುವೆ ಕಿರಿದಾದ ದಾರಿಯಲ್ಲಿ ಮುಂದೆ ಹೋದ. ಡ್ರೈವರನ ಕೋಣೆಯಲ್ಲಿ ಇಂಜಿನ್ನಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು, ಹಿಂದೆ ನಾಲ್ಕೈದು ಗಂಡಸರು. ಇಷ್ಟು ಜನರ ಮುಂದೆ ಹೇಳುವುದು ಹೇಗೆ? ಬಾಯಿ ತೆರೆದ, ಪಳಗಿದ ಬಾಯಿ ತನ್ನ ಕೆಲಸ ಮಾಡಿತು.

"ಸ್ವಲ್ಪ ನಿಂದರಸ್ರಿ. ವಾಂತಿ ಬರಾಕತ್ಯದ."

ವಾಂತಿಗೆ ಬಸ್ಸಿನಲ್ಲಿ ಬಹಳ ಮರ್ಯಾದೆ. ಮೇಲಿನಿಂದ ಹೋಗುವುದೆಲ್ಲ ಗೌರವಸ್ಥರ ಕಾಯಿಲೆ. ಒಬ್ಬ ಹೆಂಗಸು ತಕ್ಷಣ ಲಿಂಬೆಹಣ್ಣು ಕೊಟ್ಟಳು, ಇನ್ನೊಬ್ಬಳು ಬೆನ್ನು ತಿಕ್ಕಲು ಎದ್ದಳು, ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಬಾರದು ಎಂದು ಹಿಂದಿನಿಂದ ಯಾರೋ ವೈದ್ಯ ಹೇಳಿದರು. ಡ್ರೈವರ್ ರಸ್ತೆಯಿಂದ ಕಣ್ಣು ತೆಗೆಯದೆ ಡ್ಯಾಶ್‌ಬೋರ್ಡಿನಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದು ಹಿಂದಕ್ಕೆ ಚಾಚಿದ. "ಇದರಾಗ ಮಾಡ್ರಿ. ಇಲ್ಲಿ ನಿಂದರಸಾಕ ಬರೂದಿಲ್ಲ."

ಗುರುಬಸವ ಚೀಲವನ್ನು ಹಿಡಿದು ನಿಂತ. ಲಿಂಬೆಹಣ್ಣು ಒಂದು ಕೈಯಲ್ಲಿ, ಚೀಲ ಇನ್ನೊಂದರಲ್ಲಿ. ಎಲ್ಲರೂ ಅವನು ವಾಂತಿ ಮಾಡುವುದನ್ನು ಸಹಾನುಭೂತಿಯಿಂದ ಕಾಯುತ್ತಿದ್ದರು. ಸುಳ್ಳು ಹೇಳಿ ಸಿಕ್ಕ ಚೀಲ ಇದು, ಇದನ್ನು ಈಗ ಏನು ಮಾಡುವುದು? ಒಂದು ಕ್ಷಣ ನಿಜವಾಗಿಯೂ ವಾಂತಿ ಬರಿಸಿಕೊಳ್ಳಲು ಯತ್ನಿಸಿದ. ಅದರಿಂದ ಕೆಳಗಿನ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು.

"ವಾಂತಿ ಅಲ್ರಿ," ಎಂದ. ನಲವತ್ತೇಳು ವರ್ಷದ ಮನುಷ್ಯ ಕಿರುಬೆರಳೆತ್ತಿ ತೋರಿಸಿದ. "ಒಂದಕ್ಕ."

"ಊಟಕ್ಕ ನಿಂದರಸ್ತೀನ್ರಿ. ಇನ್ನ ಎರಡು ತಾಸು."

"ಎರಡು ತಾಸು ಆಗೂದಿಲ್ರಿ. ಹತ್ತು ನಿಮಿಷನೂ ಆಗೂದಿಲ್ಲ. ಶುಗರ್ ಅದ ನನಗ. ಹಿಂದೊಮ್ಮೆ ಬಸ್ಸಿನಾಗ ಬಾಟ್ಲಿ ಹಿಡದು ಕೆಳಗಿನವರ ಮ್ಯಾಲ ಚೆಲ್ಲೀನಿ. ನಾನ ಒರಸೀನಿ. ಐದು ವರ್ಷ ಆತು, ಬಸ್ ಹತ್ತಿಲ್ಲ." ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಕೊನೆಗೆ ಅಲ್ಲಿಯಾದರೂ ಬಂತಲ್ಲ.

ಯಾರೂ ನಗಲಿಲ್ಲ. ಡ್ರೈವರ್ ಮೊದಲ ಸಲ ತಿರುಗಿ ಅವನ ಮುಖ ನೋಡಿ, "ಹತ್ತೂವಾಗ ಹೇಳಬಾರದೇನ್ರಿ ಯಜಮಾನ್ರ," ಎಂದು ಪನವೇಲಿಗೆ ಹೊರಳುವ ರಸ್ತೆಯ ಪಕ್ಕಕ್ಕೆ ಬಸ್ಸು ತೆಗೆದುಕೊಂಡು ನಿಲ್ಲಿಸಿದ. ಗುರುಬಸವ ಜಿಗಿದು ಒಂದು ಮುರುಕು ಗೋಡೆಯತ್ತ ಓಡಿದ. ಹಿಂದೆ ಧಪಧಪ ಸದ್ದಾಯಿತು. ಒಬ್ಬರಾದ ಮೇಲೆ ಒಬ್ಬರು, ಲುಂಗಿಯವರು, ಬರ್ಮುಡಾದವರು, ಟೈ ಸಡಿಲಿಸಿದ ಒಬ್ಬ ತರುಣ, ಕೊನೆಗೆ ಬನಿಯನ್ನಿನಲ್ಲೇ ಅಣವೀರಪ್ಪ, ಅವನೂ ಸೇರಿ ಒಟ್ಟು ಹನ್ನೊಂದು ಜನ ಗೋಡೆಯುದ್ದಕ್ಕೂ ಬಂದು ನಿಂತರು. "ನನಗೂ ಬೋರಿವಲಿಯಿಂದ ಬಂದಿತ್ತು ಸರ. ಯಾರರ ಹೇಳ್ಲಿ ಅಂತ ಕುಂತಿದ್ದೆ," ಎಂದ ಅಣವೀರಪ್ಪ ಗೋಡೆಗೆ ಮುಖ ಮಾಡಿ. ಬಸ್ಸಿನ ಬಾಗಿಲಲ್ಲಿ ಲಿಂಬೆಹಣ್ಣಿನ ಹೆಂಗಸು, "ಗಂಡಸರದು ಆತು, ನಮ್ಮದೇನು?" ಎಂದು ಜೋರು ಮಾಡುತ್ತಿದ್ದಳು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸುತ್ತೇನೆ ಎಂದು ಡ್ರೈವರ್ ಒಪ್ಪಿಕೊಳ್ಳುತ್ತಿದ್ದ.

ಆ ಸಾಲಿನಲ್ಲಿ ನಿಂತಾಗ ಗುರುಬಸವನಿಗೆ ಆದ ಸುಖವನ್ನು ಬರೆಯುವುದು ಸಭ್ಯತೆಯಲ್ಲ. ಐದು ವರ್ಷದಿಂದ ಹೊತ್ತದ್ದೆಲ್ಲ ಹರಿದುಹೋಗುತ್ತಿರುವ ಹಾಗಿತ್ತು. ಅಷ್ಟರಲ್ಲಿ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಎಡಗೈಯಲ್ಲಿ ಎತ್ತಿದ.

"ಅಣ್ಣಾ, ಕಲ್ಯಾಣ ಬಿಡ್ತೇನು?"

"ಶಿವಿ, ನಾ ರೈಲಾಗಿಲ್ಲ. ಬಸ್ಸಿನಾಗ ಬರಾಕತ್ತೀನಿ. ಈಗ ಪನವೇಲದ ಹಂತ್ಯಾಕ ಗೋಡಿ ಮುಂದ ನಿಂತೀನಿ, ಒಂದಕ್ಕ. ಕೇಳಿಲ್ಲಿ. ಇಷ್ಟು ವರ್ಷ ರೈಲು ಸಿಗಲಿಲ್ಲ ಅಂದದ್ದು ಸುಳ್ಳು. ಶುಗರ್ ಆಗ್ಯದ, ಒಂದು ತಾಸು ತಡಕೊಳ್ಳಾಕ ಆಗೂದಿಲ್ಲ. ಅದನ್ನ ಹೇಳಾಕ ನಾಚಿಕಿ ಬಂದು ಬರಲಿಲ್ಲ. ಅಷ್ಟ." ಪಕ್ಕದ ಹತ್ತು ಜನ ಗೋಡೆಯಲ್ಲಿ ಏನನ್ನೋ ಓದುತ್ತಿರುವವರ ಹಾಗೆ ನಿಂತಿದ್ದರು.

ಆ ಕಡೆ ಮೂಗು ಎಳೆದ ಸದ್ದಾಯಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಅಣ್ಣಾ, ನಾನೂ ಒಂದು ಹೇಳ್ತೀನಿ. ಸಿಟ್ಟಾಗಬ್ಯಾಡ," ಎಂದಳು. "ಸಂತೂನ ಜವಳಾ ಆಗಿ ವರ್ಷ ಆತು."

ಗುರುಬಸವ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಹೋದ ಬ್ಯಾಸಿಗ್ಯಾಗ ತಲಿತುಂಬ ಹುಣ್ಣಾದವು. ಬಾಚಣಿಕಿ ಹಚ್ಚಿದ್ರ ಚೀರತಿದ್ದ. ಸಮ ವರ್ಷ ಅಂದ್ರೂ ಅತ್ತಿ ಕೇಳಲಿಲ್ಲ. ಚಿಗವ್ವನ ಮಗಾ ಸುಭಾಷನ ತೊಡಿ ಮ್ಯಾಲ ಕುಂಡ್ರಿಸಿ ತಗಸಿದಿವಿ. ನಿನಗ ಕಳಸ್ತಿದ್ದು ಎಲ್ಲಾ ಹಳೇ ಫೋಟೋ."

"ಮತ್ತ ಯಾಕ ಹೇಳಲಿಲ್ಲ ನನಗ?"

"ಜವಳಾ ಆಗ್ಯದ ಅಂದ್ರ ನೀ ಯಾತಕ್ಕ ಬರ್ತಿದ್ದಿ?" ಎಂದಳು ಶಿವಕುಮಾರಿ. "ಅವತ್ತ ಬಂದಾವ್ರೆಲ್ಲಾ ಕೇಳಿದ್ರು, ಸ್ವಂತ ಅಣ್ಣ ಎಲ್ಲಿ ಅಂತ. ರೈಲು ರದ್ದಾತು, ಸ್ಟೇಶನ್ನಿಗೆ ಬಂದು ತಿರುಗಿ ಹೋದಾ ಅಂತ ಹೇಳ್ದೆ. ದೇವರ ಮುಂದ ಕುಂತು ಹೇಳ್ದೆ."

ಗುರುಬಸವ ಪ್ಯಾಂಟಿನ ಜಿಪ್ಪು ಎಳೆದುಕೊಂಡು ಗೋಡೆಗೆ ಒರಗಲು ಹೋಗಿ, ಯಾವ ಗೋಡೆ ಎಂಬುದು ಹೊಳೆದು ನೆಟ್ಟಗೆ ನಿಂತ. ಅವಳೂ ಇವನ ಹಾಗೇ ರೈಲಿನ ಸುಳ್ಳನ್ನು ಹೇಳಿದ್ದಳು, ಇವನಿಗಾಗಿ. ಈಗ ಅವನಿಗೆ ನಿಜವಾದ ನಾಚಿಕೆ ಬಂತು. ಬಕೆಟ್ಟು ಹಿಡಿದು ಮೂವತ್ತು ಜನರ ಮುಂದೆ ಬಗ್ಗಿದ್ದರಲ್ಲಿ ನಾಚುವಂಥದ್ದು ಏನಿತ್ತು, ಯಾರಿಗೆ ಬೇಕಾದರೂ ಆಗುವಂಥದ್ದು. ನಾಚಬೇಕಾದ ಜಾಗ ಬೇರೆಯೇ ಇತ್ತು, ಅಲ್ಲಿಗೆ ಅವನು ಐದು ವರ್ಷ ಹೋಗಲೇ ಇಲ್ಲ. ಹಿಂದೆ ಎಲ್ಲೋ ಹತ್ತಿರದಲ್ಲಿ ಲೋಕಲ್ ರೈಲು ಹಾದುಹೋಗುವ ಸದ್ದು ಕೇಳಿಸಿತು. ಪನವೇಲ್ ಸ್ಟೇಶನ್ನು ಇಲ್ಲೇ, ರಿಕ್ಷಾ ಹಿಡಿದರೆ ಹತ್ತು ನಿಮಿಷ, ನಿಜವಾದ ಹತ್ತು ನಿಮಿಷ. ಕುರ್ಲಾದಲ್ಲಿ ಬದಲಾಯಿಸಿದರೆ ಊಟದ ಹೊತ್ತಿಗೆ ಮನೆ. ಅವನ ತೊಡೆಗಾಗಿ ವಿಜಯಪುರದಲ್ಲಿ ಯಾರೂ ಕಾಯುತ್ತಿರಲಿಲ್ಲ, ಯಾವ ತಲೆಯಲ್ಲೂ ಅವನ ಹೆಸರಿನ ಕೂದಲು ಬೆಳೆಯುತ್ತಿರಲಿಲ್ಲ. ಹೋಗಲು ಕಾರಣವಿಲ್ಲ, ಹೋಗದಿರಲು ನೆಪವಿಲ್ಲ.

"ಹಂಗಾದ್ರ ಈಗ ನಾ ಬಂದು ಏನ್ ಮಾಡ್ಲಿ?" ಎಂದ.

"ಏನೂ ಮಾಡಬ್ಯಾಡ," ಎಂದಳು. "ಸುಮ್ನ ಬಾ."

ಬಸ್ಸು ಹಾರ್ನ್ ಹೊಡೆಯಿತು. ಹತ್ತು ಜನರೂ ಹತ್ತಿಯಾಗಿತ್ತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬರುತ್ತೀರೋ ಇಲ್ಲವೋ ಎಂದು ಕೈಯಾಡಿಸಿದ. ಗುರುಬಸವ ಅವನತ್ತ ನಡೆಯುತ್ತಲೇ, ಹಾದುಹೋಗುವ ಬಸ್ಸುಗಳ ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ, "ತಾಸಿಗೊಮ್ಮೆ ನಿಂದರಸಬೇಕಾಗ್ತದ್ರಿ," ಎಂದ. ಡ್ರೈವರ್ ಹಣೆ ಮುಟ್ಟಿಕೊಂಡು, ಆಯಿತು ಹತ್ತಿ ಮಾರಾಯರೇ ಎನ್ನುವಂತೆ ತಲೆಯಾಡಿಸಿದ.

"ಶಿವಿ, ನಾಳೆ ಏಳಕ್ಕ ಮುಟ್ಟೂದಿಲ್ಲ ನೋಡು. ಇದು ನನ್ನ ಸಲುವಾಗಿ ನಿಂತು ನಿಂತು ಬರ್ತದ. ಹತ್ತಾಗಬಹುದು."

"ಹನ್ನೆರಡಾಗಲಿ," ಎಂದಳು ತಂಗಿ. "ಸಂತೂನ್ನ ಕರಕೊಂಡು ಸ್ಟ್ಯಾಂಡಿಗೆ ಬರ್ತೀನಿ. ಮನೀಲಿಂದ ಅಲ್ಲಿಗೆ ಬರೂದರಾಗ ಅವನೂ ನಾಕ ಸಲ ನಿಂದರಸ್ತಾನ."

ಗುರುಬಸವ ಫೋನನ್ನು ಕಿಸೆಗೆ ಹಾಕಿ ಬಸ್ಸು ಹತ್ತಿದ.